ಅತ್ತಿಬೆಲೆ ಚೆಕ್‌ಪೋಸ್ಟೂ ಡೋವರ್ ಬಂದರೂ

ಅಪ್ಪ ಲಾರಿ ಓಡಿಸುವುದನ್ನು ನಿಲ್ಲಿಸಿದ್ದು 2018ರಲ್ಲಿ. ಆದರೂ ಇವತ್ತಿಗೂ ಕಾರಲ್ಲಿ ಹೊಸೂರು ಕಡೆ ಕರೆದುಕೊಂಡು ಹೋದರೆ, ಅತ್ತಿಬೆಲೆ ಹತ್ತಿರ ಬರುತ್ತಿದ್ದಂತೆ ಅವರ ಕೈ ತಾನಾಗಿಯೇ ಅಂಗಿ ಜೇಬು ಮುಟ್ಟಿ ನೋಡುತ್ತದೆ. ಜೇಬಲ್ಲಿ ಈಗ ಕನ್ನಡಕದ ಡಬ್ಬಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಮುಂಚೆ ಅಲ್ಲಿ ಇರುತ್ತಿದ್ದದ್ದು ಇನ್‌ವಾಯ್ಸು, ತೆರಿಗೆ ಇಲಾಖೆಯ ಇ-ಸುಗಮ್ ನಂಬರಿನ ಪ್ರಿಂಟು, ಟ್ರಾನ್ಸ್‌ಪೋರ್ಟ್ ಆಫೀಸಿನ ಎಲ್‌ಆರ್ (ಲಾರಿ ರಸೀದಿ) ಕಾಪಿ.

ಆಗೆಲ್ಲ ಕರ್ನಾಟಕದಿಂದ ತಮಿಳುನಾಡಿಗೆ ಸರಕು ಹೋಗಬೇಕಾದರೆ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಲ್ಲಿ ನಿಲ್ಲಬೇಕಿತ್ತು. ಕಾಗದ ಸರಿ ಇದ್ದರೂ ಸಾಲು ಸಾಲೇ. ಬೊಮ್ಮಸಂದ್ರದಿಂದ ಹೊಸೂರಿಗೆ ಹೆಚ್ಚೆಂದರೆ ಹದಿನೈದು ಕಿಲೋಮೀಟರು. ಅದಕ್ಕೆ ಅಪ್ಪ ಅರ್ಧ ದಿನ ಇಟ್ಟುಕೊಂಡೇ ಹೊರಡುತ್ತಿದ್ದರು. ನಿಂತ ಡ್ರೈವರುಗಳನ್ನು ನಂಬಿ ಟೀ ಅಂಗಡಿ, ಪಂಕ್ಚರ್ ಅಂಗಡಿ, ಬೋಂಡಾ ಗಾಡಿ ಬದುಕುತ್ತಿದ್ದವು. ನಾನು ಹೈಸ್ಕೂಲಲ್ಲಿದ್ದಾಗ ರಜೆಯಲ್ಲಿ ಅಪ್ಪನ ಜೊತೆ ಹೋಗಿ, ಕ್ಯಾಬಿನ್ನಲ್ಲೇ ಕೂತು ಲೆಕ್ಕದ ಹೋಂವರ್ಕ್ ಮುಗಿಸಿದ್ದಿದೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಕೆಲವೇ ದಿನದಲ್ಲಿ ಆ ಚೆಕ್‌ಪೋಸ್ಟುಗಳು ಮುಚ್ಚಿದವು. (ಆರ್‌ಟಿಒದು ಬೇರೆ, ಅದು ಆಮೇಲೂ ಇತ್ತು.) ಆ ವಾರ ಅಪ್ಪ ಮನೆಗೆ ಬಂದವರು ಕೈಕಾಲು ತೊಳೆಯುವುದಕ್ಕೂ ಮುಂಚೆ ಹೇಳಿದ್ದು ಇದು: "ನಿಲ್ಸಲೇ ಇಲ್ಲ ಕಣೋ. ನಾನೇ ಗಾಡಿ ನಿಲ್ಸಿ ಇಳಿದು ಕೇಳ್ದೆ, ಏನ್ ಸ್ವಾಮಿ ನೋಡಲ್ವಾ ಅಂತ."

ನಮ್ಮ ಅತ್ತಿಬೆಲೆಯಲ್ಲಿ ಚೆಕ್‌ಪೋಸ್ಟ್ ಮುಚ್ಚುತ್ತಿದ್ದ ಅದೇ ವರ್ಷ, ಎಂಟು ಸಾವಿರ ಕಿಲೋಮೀಟರ್ ಆಚೆ ಒಂದು ದೇಶ ತಾನೇ ಕೈಯಾರೆ ಚೆಕ್‌ಪೋಸ್ಟ್ ಕಟ್ಟುವ ತಯಾರಿ ಮಾಡುತ್ತಿತ್ತು. 2017ರ ಮಾರ್ಚ್ 29ರಂದು ಬ್ರಿಟನ್, ಐರೋಪ್ಯ ಒಕ್ಕೂಟಕ್ಕೆ "ನಾವು ಹೊರಡುತ್ತೇವೆ" ಎಂದು ಅಧಿಕೃತವಾಗಿ ಪತ್ರ ಕೊಟ್ಟಿತು. ಇದು ನನಗೇಕೆ ಬೇಕು ಅಂದರೆ, ನನ್ನ ಹೊಟ್ಟೆಪಾಡು ಅದರ ಮೇಲಿದೆ. ಬೊಮ್ಮಸಂದ್ರದ ಒಂದು ಸಣ್ಣ ಪಂಪ್ ಫ್ಯಾಕ್ಟರಿಯಲ್ಲಿ ನಾನು ಎಕ್ಸ್‌ಪೋರ್ಟ್ ಡಾಕ್ಯುಮೆಂಟೇಷನ್ ನೋಡಿಕೊಳ್ಳುತ್ತೇನೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಸಿಎಚ್‌ಎ ಅಂದರೆ ಕಸ್ಟಮ್ಸ್ ಏಜೆಂಟ್ ಜೊತೆ ದಿನಕ್ಕೆ ಹತ್ತು ಸಲ ಫೋನು. ಅಪ್ಪ ಕಾಗದ ಜೇಬಲ್ಲಿಟ್ಟುಕೊಂಡು ಹೋಗುತ್ತಿದ್ದರು, ನಾನು ಅದನ್ನು ತಯಾರು ಮಾಡುತ್ತೇನೆ. ಅಷ್ಟೇ ವ್ಯತ್ಯಾಸ. ನಮ್ಮ ಮಾಲು ಕೊಳ್ಳುವ ದೊಡ್ಡ ಪಾರ್ಟಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು.

ಬ್ರೆಕ್ಸಿಟ್, ಅಂದರೆ ಬ್ರಿಟನ್ ಒಕ್ಕೂಟ ಬಿಟ್ಟದ್ದರ ಬಗ್ಗೆ ಮಾತು ಬಂದಾಗ ನಮ್ಮವರು ಥಟ್ಟನೆ ಹೇಳುವುದು ಅಣ್ಣತಮ್ಮಂದಿರ ಪಾಲಿನ ಹೋಲಿಕೆ. ಒಟ್ಟು ಕುಟುಂಬ ಒಡೆಯಿತು, ಒಲೆ ಬೇರೆಯಾಯಿತು ಅಂತ. ನನಗೆ ಅದು ಒಪ್ಪಿಗೆ ಇಲ್ಲ. ಪಾಲಿನಲ್ಲಿ ಇರುವ ಆಸ್ತಿ ಹಂಚಿಹೋಗುತ್ತದೆ: ನಿನಗೆ ತೆಂಗಿನ ತೋಟ, ನನಗೆ ರಸ್ತೆ ಪಕ್ಕದ ಹೊಲ. ಬ್ರಿಟನ್ನಿಗೂ ಒಂದು ಪಾಲಿನ ಲೆಕ್ಕ ಇತ್ತು ನಿಜ. ಹೊರಟಿದ್ದಕ್ಕೆ ತೀರಿಸಬೇಕಾದ ಬಾಕಿ ಸುಮಾರು 3,900 ಕೋಟಿ ಪೌಂಡ್ ಆಗಬಹುದು ಅಂತ ಒಂದು ಅಂದಾಜು ಇತ್ತು. ಆದರೆ ಅಸಲಿ ನಷ್ಟ ಆ ಲೆಕ್ಕದಲ್ಲಿ ಇರಲೇ ಇಲ್ಲ. ಇದ್ದ ಆಸ್ತಿ ಅಂದರೆ ನಡುವೆ ಬಾಗಿಲಿಲ್ಲದೇ ಇದ್ದದ್ದು. ಇಲ್ಲದ ಬಾಗಿಲನ್ನು ಹೇಗೆ ಹಂಚಿಕೊಳ್ಳುತ್ತೀರಿ?

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಬಹಳ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ದೇಶಗಳು ವ್ಯಾಪಾರಕ್ಕಾಗಿ ಒಂದಾಗುವುದರಲ್ಲಿ ಮೆಟ್ಟಿಲುಗಳಿವೆ. ಮೊದಲನೆಯದು ಪರಸ್ಪರ ಸುಂಕ ಬಿಡುವುದು. ಎರಡನೆಯದು ಸುಂಕ ಒಕ್ಕೂಟ, ಅಂದರೆ ಹೊರಗಿನಿಂದ ಬರುವ ಸರಕಿಗೆ ಎಲ್ಲರೂ ಒಂದೇ ದರದ ಸುಂಕ ಹಾಕುವುದು. ಮೂರನೆಯದು ಏಕ ಮಾರುಕಟ್ಟೆ: ನಿಯಮ, ಗುಣಮಟ್ಟ, ಲೈಸೆನ್ಸು ಎಲ್ಲ ಒಂದೇ, ಆದ್ದರಿಂದ ಗಡಿಯಲ್ಲಿ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ತಮಾಷೆ ನೋಡಿ, 2017ರ ತನಕ ನಮ್ಮ ಭಾರತವೇ ಎರಡನೇ ಮೆಟ್ಟಿಲಲ್ಲಿತ್ತು ಅನ್ನಬಹುದು. ಒಂದೇ ದೇಶ, ಒಂದೇ ಆಮದು ಸುಂಕ, ಆದರೂ ಅತ್ತಿಬೆಲೆಯಲ್ಲಿ ಸಾಲು. ಯುರೋಪಿನ ಬೇರೆ ಬೇರೆ ದೇಶಗಳು ಮೂರನೇ ಮೆಟ್ಟಿಲನ್ನು 1993ರ ಜನವರಿ 1ಕ್ಕೇ ಹತ್ತಿದ್ದವು.

ಆ ಮೂರನೇ ಮೆಟ್ಟಿಲನ್ನು ಕಟ್ಟಿಸಿದ್ದರಲ್ಲಿ ಬ್ರಿಟನ್ನಿನದೇ ದೊಡ್ಡ ಕೈ. ಏಕ ಮಾರುಕಟ್ಟೆಗೆ ಒತ್ತಾಯಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಏನೇನು ಅಡ್ಡಿ ತೆಗೆಯಬೇಕು ಅಂತ 1985ರಲ್ಲಿ ಸುಮಾರು 300 ಅಂಶಗಳ ಪಟ್ಟಿ ಸಿದ್ಧ ಮಾಡಿದ್ದು ಲಾರ್ಡ್ ಕಾಕ್‌ಫೀಲ್ಡ್, ಅವರೂ ಬ್ರಿಟಿಷರೇ. ತಾವೇ ಕಟ್ಟಿಸಿದ ಮನೆಯಿಂದ ತಾವೇ ಹೊರಟರು.

2016ರ ಜೂನ್ 24, ಶುಕ್ರವಾರ. ಒಕ್ಕೂಟದಲ್ಲಿ ಇರಬೇಕೋ ಬೇಡವೋ ಅಂತ ಬ್ರಿಟನ್ ಹಿಂದಿನ ದಿನ ಕೇಳಿದ ಜನಮತದ ಫಲಿತಾಂಶ, ಬೆಳಿಗ್ಗೆ ನಾನು ಆಫೀಸಿಗೆ ಬರುವಷ್ಟರಲ್ಲಿ ಹೆಚ್ಚೂಕಡಿಮೆ ಗೊತ್ತಾಗಿತ್ತು. ಹೊರಹೋಗಬೇಕು ಅಂದವರು ಶೇ. 51.9, ಇರಬೇಕು ಅಂದವರು ಶೇ. 48.1. ನಮ್ಮ ಸಾಹೇಬ್ರು ಕಂಪ್ಯೂಟರ್ ಮುಂದೆ ಕಾಫಿ ಆರಿಸಿಕೊಂಡು ಕೂತಿದ್ದರು. ನಮ್ಮ ಬಿಲ್ಲೆಲ್ಲ ಪೌಂಡಿನಲ್ಲಿ. ಹಿಂದಿನ ದಿನ ಹೆಚ್ಚೂಕಡಿಮೆ 100 ರೂಪಾಯಿ ಇದ್ದ ಪೌಂಡು 90ರ ಆಸುಪಾಸಿಗೆ ಇಳಿಯುತ್ತಿತ್ತು. ಡಾಲರ್ ಎದುರು ಅದು 1985ರಿಂದೀಚೆಗೆ ಕಾಣದ ಮಟ್ಟಕ್ಕೆ ಬಿದ್ದಿತ್ತು. ಹಡಗಿನಲ್ಲಿದ್ದ ಒಂದು ಕಂಟೇನರು, ಸಮುದ್ರದ ಮಧ್ಯೆಯೇ, ನೂರಕ್ಕೆ ಏಳೆಂಟು ರೂಪಾಯಿ ಕಳೆದುಕೊಂಡಿತು. ಸಾಹೇಬ್ರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಯ್ಯ, ಇವರಿಗೆ ಏನು ಕಡಿಮೆಯಾಗಿತ್ತು?"

ನಾನು ಆ ಪ್ರಶ್ನೆಯನ್ನು ಬಹಳ ದಿನ ಹೊತ್ತುಕೊಂಡು ತಿರುಗಿದೆ. ಕಾರು ಫ್ಯಾಕ್ಟರಿಯನ್ನೇ ನಂಬಿದ ಸಂಡರ್‌ಲ್ಯಾಂಡ್ ಎಂಬ ಊರಿದೆ. ಅಲ್ಲಿಂದ ಹೊರಡುವ ನಿಸಾನ್ ಕಾರುಗಳಲ್ಲಿ ಬಹುಪಾಲು ಯುರೋಪಿಗೆ ಹೋಗುತ್ತಿದ್ದವು. ಆ ಊರು ಶೇ. 61 ಮತ ಹಾಕಿದ್ದು ಹೊರಹೋಗುವುದಕ್ಕೆ. ಪುಸ್ತಕದ ಅರ್ಥಶಾಸ್ತ್ರ ಇಟ್ಟುಕೊಂಡು ನೋಡಿದರೆ ಹುಚ್ಚು ಅನ್ನಿಸುತ್ತದೆ. ಉತ್ತರ ಸಿಕ್ಕಿದ್ದು ಪೇಪರಲ್ಲಲ್ಲ, ಮೂರೇ ತಿಂಗಳಲ್ಲಿ ನಮ್ಮ ಮನೆ ಮುಂದೆ.

ಆ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟು ಕಾವೇರಿ ನೀರು ಬಿಡಿ ಅಂದಿತು. 12ನೇ ತಾರೀಕು ಬೆಂಗಳೂರು ಹೊತ್ತಿ ಉರಿಯಿತು, ಬಸ್ಸುಗಳು ಸುಟ್ಟವು. ಗಡಿ ದಾಟುವ ಬಸ್ಸು ನಿಂತುಹೋಯಿತು. ಆನೇಕಲ್ ಕಡೆಯ ನಾವು ಹೆಣ್ಣು ಕೊಟ್ಟು ತಂದದ್ದೆಲ್ಲ ಹೊಸೂರು ಕಡೆಗೇ. ನಮ್ಮ ಸೋದರತ್ತೆ ಮನೆ ಇರುವುದೂ ಅಲ್ಲೇ. ತವರಿಗೆ ಬಂದಿದ್ದವರು ಸಿಕ್ಕಿಹಾಕಿಕೊಂಡರು. ಕೊನೆಗೆ ಎಷ್ಟೋ ಜನರ ಹಾಗೆ ಅವರೂ ಅತ್ತಿಬೆಲೆಯಲ್ಲಿ ಇಳಿದು, ಬ್ಯಾಗು ಹೊತ್ತು, ಜೂಜುವಾಡಿ ತನಕ ನಡೆದೇ ಹೋದರು. ನಾನು ಅರ್ಧ ದಾರಿ ಬಿಟ್ಟು ಬಂದೆ. ನಡೆಯುತ್ತಾ ಅತ್ತೆ ಅಂದರು, "ನೀರು ನಮ್ದು ಅನ್ನೋರೂ ನಮ್ಮೋರೇ, ಅವರ್ದು ಅನ್ನೋರೂ ನಮ್ಮೋರೇ. ನಡೆಯೋಳು ಮಾತ್ರ ನಾನು."

ಆ ವಾರ ನಾನು ಲಾಭನಷ್ಟ ನೋಡಿದೆನಾ? ಇಲ್ಲ. ಲಾರಿ ಓಡಿಸುವವರ ಮಗ, ಎಕ್ಸ್‌ಪೋರ್ಟ್ ಫ್ಯಾಕ್ಟರಿಯಲ್ಲಿ ಸಂಬಳ, ಅತ್ತೆ ಗಡಿಯಾಚೆ. ಇಷ್ಟಿದ್ದೂ ನಾನೂ ವಾಟ್ಸ್ಆ್ಯಪಲ್ಲಿ ಬಿಸಿಬಿಸಿ ಮೆಸೇಜು ಫಾರ್ವರ್ಡ್ ಮಾಡಿದವನೇ. ನಮ್ಮ ಮಾತನ್ನು ದೂರದಲ್ಲಿ ಕೂತವರು ಕೇಳುತ್ತಿಲ್ಲ ಅನ್ನುವ ಸಿಟ್ಟು ಇದೆಯಲ್ಲ, ಅದು ಹೊಟ್ಟೆಗಿಂತ ಮೇಲಿನ ಜಾಗದಲ್ಲಿ ಇರುತ್ತದೆ. ಅದಕ್ಕೇ ಸಂಡರ್‌ಲ್ಯಾಂಡಿನವರನ್ನು ನೋಡಿ ನಗುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ನಮ್ಮ ಬರ್ಮಿಂಗ್‌ಹ್ಯಾಮ್ ಪಾರ್ಟಿಯ ಪರ್ಚೇಸ್ ಮ್ಯಾನೇಜರ್ 2018ರಲ್ಲಿ ಇಲ್ಲಿಗೆ ಬಂದಿದ್ದರು. ಚಂದಾಪುರದ ಒಂದು ದರ್ಶಿನಿಯಲ್ಲಿ ಸೆಟ್ ದೋಸೆ ತಿನ್ನುತ್ತಾ, ತಾನು ಹೊರಹೋಗಲು ಮತ ಹಾಕಿದವನು ಅಂತ ಸ್ವಲ್ಪ ಸಂಕೋಚದಲ್ಲೇ ಹೇಳಿದರು. ಲಂಡನ್ನಿನವರಿಗೆ ಬುದ್ಧಿ ಬರಲಿ ಅಂತ ಹಾಕಿದೆ, ಗೆಲ್ಲುತ್ತದೆ ಅಂದುಕೊಂಡಿರಲಿಲ್ಲ ಅಂದರು. ಅವರ ಊರಲ್ಲಿ ಹೊರಹೋಗುವ ಕಡೆ ಬಿದ್ದದ್ದು ಶೇ. 50.4. ಕೂದಲೆಳೆ.

ಸಿಟ್ಟು ಅರ್ಥವಾಗುತ್ತದೆ. ಅದನ್ನು ಬಳಸಿಕೊಂಡವರ ಮೇಲೆ ಮಾತ್ರ ನನಗೆ ಕರುಣೆ ಇಲ್ಲ. ವಾರಕ್ಕೆ 35 ಕೋಟಿ ಪೌಂಡು ಯುರೋಪಿಗೆ ಕಳಿಸುತ್ತೇವೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಹಾಕೋಣ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿ ಊರೂರು ತಿರುಗಿದರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹೇಳಿದ ಲೆಕ್ಕ ಅದು. ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ದಾರಿ ತಪ್ಪಿಸುವ ಲೆಕ್ಕ ಅಂದರೂ ಬಸ್ಸು ನಿಲ್ಲಲಿಲ್ಲ.

ಆಮೇಲಿನ ರಾಜಕೀಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಜನಮತ ಕೇಳಿದ ಪ್ರಧಾನಿ ಕ್ಯಾಮರನ್ ಮಾರನೇ ದಿನವೇ ರಾಜೀನಾಮೆ ಅಂದರು. ಅವರ ನಂತರದ ಪ್ರಧಾನಿ ತೆರೇಸಾ ಮೇ ತಂದ ನಿರ್ಗಮನದ ಒಪ್ಪಂದ 2019ರ ಜನವರಿಯಲ್ಲಿ 432ಕ್ಕೆ 202 ಮತಗಳಿಂದ ಬಿತ್ತು. ಆಮೇಲೆ ಪ್ರಧಾನಿಯಾದ ಬೋರಿಸ್ ಜಾನ್ಸನ್ ಪಾರ್ಲಿಮೆಂಟನ್ನೇ ಕೆಲವು ವಾರ ಮುಚ್ಚಿಸಲು ಹೋದರು. ಅದು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟಿನ ಹನ್ನೊಂದೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಆದರೂ ಆ ಡಿಸೆಂಬರಿನ ಚುನಾವಣೆಯಲ್ಲಿ ಜಾನ್ಸನ್ 80 ಸೀಟುಗಳ ಬಹುಮತದಿಂದ ಗೆದ್ದರು. ಜನಕ್ಕೆ ಸಾಕಾಗಿತ್ತು, ಏನಾದರೂ ಒಂದು ಮುಗಿಸಿ ಅನ್ನುವಂತಾಗಿತ್ತು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು. 1973ರಲ್ಲಿ ಸೇರಿದ್ದು, 47 ವರ್ಷದ ಸಂಸಾರ.

ಬಿಡಿಸಲಾರದ ಗಂಟು ಇದ್ದದ್ದು ಐರ್ಲೆಂಡಿನಲ್ಲಿ. ಐರ್ಲೆಂಡ್ ಗಣರಾಜ್ಯ ಒಕ್ಕೂಟದ ಒಳಗೆ, ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆ ಹೊರಗೆ. ನಡುವೆ ಸುಮಾರು 500 ಕಿಲೋಮೀಟರ್ ಗಡಿ. ದಶಕಗಳ ರಕ್ತಪಾತ ನಿಂತದ್ದು 1998ರ ಗುಡ್ ಫ್ರೈಡೇ ಒಪ್ಪಂದದಿಂದ. ಆಮೇಲೆ ಗಡಿಯ ಸೈನಿಕ ಟವರುಗಳು ಹೋದವು, ರೈತರು ಬೆಳಿಗ್ಗೆ ಈಚೆ ಹಾಲು ಕರೆದು ಮಧ್ಯಾಹ್ನ ಆಚೆ ಹುಲ್ಲು ತರುವಂತಾಯಿತು. ಅಲ್ಲಿ ಮತ್ತೆ ಒಂದು ಕಂಬ, ಒಂದು ಕ್ಯಾಮೆರಾ ನೆಟ್ಟರೂ ಹಳೆಯ ಗಾಯ ಕೆದಕಿದ ಹಾಗೆ. ಸರಕಿನ ತಪಾಸಣೆ ಎಲ್ಲಾದರೂ ಮಾಡಲೇಬೇಕಲ್ಲ? ಸಮುದ್ರದಲ್ಲಿ ಮಾಡಿ ಅಂತ ತೀರ್ಮಾನವಾಯಿತು. ಅಂದರೆ ಬ್ರಿಟನ್ನಿನ ಒಂದು ಭಾಗದಿಂದ ಅದೇ ದೇಶದ ಇನ್ನೊಂದು ಭಾಗಕ್ಕೆ ಸಾಸೇಜ್ ಕಳಿಸಬೇಕಾದರೂ ಕಾಗದ. ಮೈಸೂರಿನಿಂದ ಮಂಗಳೂರಿಗೆ ಮೈಸೂರು ಪಾಕ್ ಕಳಿಸಲು ಸರ್ಟಿಫಿಕೇಟ್ ಕೇಳಿದ ಹಾಗೆ. ನಾವು ಬ್ರಿಟಿಷರಲ್ಲವಾ ಅಂತ ಅಲ್ಲಿನ ಯೂನಿಯನಿಸ್ಟರು, ಅಂದರೆ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು, ಸಿಟ್ಟಾದರು. ಅವರ ಡಿಯುಪಿ ಪಕ್ಷದ ಬಹಿಷ್ಕಾರದಿಂದ 2022ರ ಫೆಬ್ರವರಿಯಿಂದ ಎರಡು ವರ್ಷ ಅಲ್ಲಿ ಸರಿಯಾಗಿ ನಡೆಯುವ ಸರ್ಕಾರವೇ ಇರಲಿಲ್ಲ. ಸುಂಕದ ಫಾರಂ ಒಂದು ಸರ್ಕಾರವನ್ನು ಮಲಗಿಸಬಲ್ಲದು ಅಂತ ಯಾರು ತಾನೇ ಆ ಬಸ್ಸಿನ ಮೇಲೆ ಬರೆದಿದ್ದರು?

ಈಗ ನನ್ನ ಟೇಬಲ್ಲಿಗೆ ಬರುತ್ತೇನೆ.

2020ರ ಡಿಸೆಂಬರ್ 24ಕ್ಕೆ ವ್ಯಾಪಾರ ಒಪ್ಪಂದ ಕುದುರಿತು. ಸಾವಿರದ ಇನ್ನೂರಕ್ಕೂ ಜಾಸ್ತಿ ಪುಟ, ಜಾರಿಗೆ ಉಳಿದಿದ್ದದ್ದು ಒಂದೇ ವಾರ. ಸುಂಕ ಸೊನ್ನೆ, ಕೋಟಾ ಇಲ್ಲ ಅಂತ ಪೇಪರಿನವರು ಬರೆದರು. ಸಾಹೇಬ್ರು ಖುಷಿಯಾದರು. ನಾನು ಖುಷಿಯಾಗಲಿಲ್ಲ, ಯಾಕಂದರೆ ಆ ಸೊನ್ನೆಗೆ ಒಂದು ಬಾಲ ಇತ್ತು: ಸರಕು ಬ್ರಿಟನ್ನಿನದೇ ಅಥವಾ ಯುರೋಪಿನದೇ ಆಗಿರಬೇಕು.

ಅಲ್ಲಿಯ ತನಕ ನಾವು ತಿಂಗಳಿಗೆ ಒಂದು 20 ಅಡಿ ಕಂಟೇನರ್ ತುಂಬಿ, ಚೆನ್ನೈ ಪೋರ್ಟಿನಿಂದ ಫೆಲಿಕ್ಸ್‌ಸ್ಟೋಗೆ ಕಳಿಸುತ್ತಿದ್ದೆವು. ಪಾರ್ಟಿಯವರು ಅರ್ಧ ಪಂಪನ್ನು ಬ್ರಿಟನ್ನಿನಲ್ಲಿ ಮಾರಿ, ಉಳಿದರ್ಧವನ್ನು ಲಾರಿಗೆ ಹಾಕಿ ಜರ್ಮನಿ, ಹಾಲೆಂಡಿನ ಡೀಲರುಗಳಿಗೆ ಕಳಿಸುತ್ತಿದ್ದರು. 2021ರ ಜನವರಿಯಿಂದ ಆ ಅರ್ಧ ಪಂಪು ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ ನಿಂತು, "ನಾನು ಬೊಮ್ಮಸಂದ್ರದವನು" ಅಂತ ಒಪ್ಪಿಕೊಳ್ಳಬೇಕಾಯಿತು. ಬ್ರಿಟನ್ನಿಗೆ ಬರುವಾಗ ಒಂದು ಸಲ ಕಸ್ಟಮ್ಸು, ಯುರೋಪಿಗೆ ಹೋಗುವಾಗ ಇನ್ನೊಂದು ಸಲ.

ಮಲೆನಾಡಿನವರಿಗೆ ಇದು ಹೊಸ ವಿಷಯ ಅಲ್ಲ. ಶ್ರೀಲಂಕಾ ಜೊತೆ ನಮಗೆ 2000ದಿಂದ ಮುಕ್ತ ವ್ಯಾಪಾರ ಒಪ್ಪಂದ ಇದೆ. ಅದರ ನೆರಳಲ್ಲಿ ವಿಯೆಟ್ನಾಂ ಕಾಳುಮೆಣಸು ಶ್ರೀಲಂಕಾದ ವೇಷ ಹಾಕಿಕೊಂಡು ಇಲ್ಲಿಗೆ ಇಳಿಯುತ್ತಿದೆ ಅಂತ ಕೊಡಗು, ಸಕಲೇಶಪುರದ ಬೆಳೆಗಾರರು ಕೂಗಿ ಕೂಗಿ ಸುಸ್ತಾದರು. ಕೊನೆಗೆ 2017ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು. ಸರಕಿನ ಹುಟ್ಟೂರು ಯಾವುದು ಅನ್ನುವ ನಿಯಮ ಇರುವುದು ಇಂಥ ವೇಷ ತಡೆಯುವುದಕ್ಕೇ. ಸುಂಕ ಒಕ್ಕೂಟದ ಒಳಗಿದ್ದಾಗ ಯಾರೂ ಹುಟ್ಟೂರು ಕೇಳುವುದಿಲ್ಲ. ಹೊರಗೆ ಬಂದ ಕ್ಷಣ ಪ್ರತಿ ಡಬ್ಬಕ್ಕೂ ಜಾತಕ ಬೇಕು.

ನಮ್ಮ ಪಂಪಿಗೆ ಯುರೋಪಿನ ಸುಂಕ ನೂರಕ್ಕೆ ಎರಡು ರೂಪಾಯಿಗೂ ಕಡಿಮೆ. ಅದನ್ನು ಯಾರಾದರೂ ನುಂಗಿಕೊಳ್ಳಬಹುದಿತ್ತು. ಪಾರ್ಟಿಗೆ ಭಾರವಾದದ್ದು ಅದಲ್ಲ. ಒಂದೊಂದು ಲಾರಿಗೂ ಡಿಕ್ಲರೇಷನ್ನು, ಅದನ್ನು ಬರೆಯಲು ಏಜೆಂಟಿನ ಫೀಸು, ಒಂದು ಅಂಕಿ ತಪ್ಪಿದರೆ ಎರಡು ದಿನ ನಿಲುಗಡೆ. ಜರ್ಮನಿಯ ಸಣ್ಣ ಡೀಲರು ಹತ್ತು ಪಂಪಿಗೆ ಇಷ್ಟೆಲ್ಲ ತಲೆನೋವು ಯಾಕೆ ಅಂತ ಇಟಲಿಯವರ ಹತ್ತಿರ ಕೊಂಡ. 2021ರ ಮಧ್ಯಕ್ಕೆ ಪಾರ್ಟಿಯವರು ಹಾಲೆಂಡಿನಲ್ಲಿ ಒಂದು ಗೋಡೌನು ಬಾಡಿಗೆಗೆ ಹಿಡಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ನಾಲ್ಕು ಜನರ ಕೆಲಸ ಹೋಗಿ, ರಾಟರ್‌ಡ್ಯಾಮ್ ಹತ್ತಿರ ನಾಲ್ಕು ಜನರಿಗೆ ಸಿಕ್ಕಿತು. ನಮಗೆ ಒಂದು ಆರ್ಡರಿದ್ದದ್ದು ಎರಡಾಯಿತು. ಎರಡೂ ಕಂಟೇನರ್ ತುಂಬುವುದಿಲ್ಲ, ಆದ್ದರಿಂದ ಎರಡೂ ಎಲ್‌ಸಿಎಲ್, ಇನ್ನೊಬ್ಬರ ಸರಕಿನ ಜೊತೆ ಪಾಲು ಬಾಡಿಗೆ. ಎರಡು ಸೆಟ್ ಕಾಗದ. ನನ್ನ ಕೆಲಸ ಎರಡರಷ್ಟಾಯಿತು, ಸಂಬಳ ಅಷ್ಟೇ ಇತ್ತು ಬಿಡಿ.

ಸ್ಟಿಕ್ಕರಿನ ಕಥೆ ಹೇಳದಿದ್ದರೆ ಹೊಟ್ಟೆಗೆ ತಿಂದದ್ದು ಕರಗುವುದಿಲ್ಲ. ಯುರೋಪಿಗೆ ಹೋಗುವ ಪಂಪಿನ ಮೇಲೆ, ಅಲ್ಲಿನ ನಿಯಮಕ್ಕೆ ಸರಿಯಾಗಿದೆ ಅನ್ನುವ ಸಿಇ ಗುರುತು ಇರಬೇಕು. ಹೊರಬಂದ ಬ್ರಿಟನ್ನು ನಮ್ಮದೇ ಗುರುತು ಇರಲಿ ಅಂತ ಯುಕೆಸಿಎ ಅನ್ನುವುದನ್ನು ಶುರುಮಾಡಿತು. ಗುಣಮಟ್ಟದ ನಿಯಮ ಹೆಚ್ಚೂಕಡಿಮೆ ಅದೇ, ಅಕ್ಷರ ಮಾತ್ರ ಬೇರೆ. ಪೀಣ್ಯದ ಪ್ರಿಂಟರಿಗೆ ಹೇಳಿ ರೋಲುಗಟ್ಟಲೆ ಸ್ಟಿಕ್ಕರ್ ಮಾಡಿಸಿದೆವು. 2022ರಿಂದ ಕಡ್ಡಾಯ ಅಂದಿದ್ದರು. ಆಮೇಲೆ 2023ರಿಂದ ಅಂದರು. ಆಮೇಲೆ 2024ರ ಕೊನೆಯ ತನಕ ಪರವಾಗಿಲ್ಲ ಅಂದರು. 2023ರ ಆಗಸ್ಟ್‌ನಲ್ಲಿ, ಬಹುಪಾಲು ಸರಕಿಗೆ ಸಿಇ ಗುರುತನ್ನೇ ಗಡುವಿಲ್ಲದೆ ಒಪ್ಪುತ್ತೇವೆ ಅಂದುಬಿಟ್ಟರು. ನಮ್ಮ ರೋಲುಗಳು ಈಗ ಸ್ಟೋರಿನಲ್ಲಿ ರಟ್ಟಿನ ಡಬ್ಬ ಮುಚ್ಚುವುದಕ್ಕೆ ಕೆಲಸಕ್ಕೆ ಬರುತ್ತಿವೆ. ಗಮ್ ಚೆನ್ನಾಗಿದೆ.

ನಮ್ಮ ನಿಯಮ ನಾವೇ ಮಾಡುತ್ತೇವೆ ಅನ್ನುವುದು ಬ್ರೆಕ್ಸಿಟ್ಟಿನ ಪ್ರಾಣ. ಆ ಹಕ್ಕು ಬ್ರಿಟನ್ನಿಗೆ ಪೂರ್ತಿ ಸಿಕ್ಕಿತು, ಇಲ್ಲ ಅನ್ನುವುದಿಲ್ಲ. ಆದರೆ ಪಕ್ಕದಲ್ಲಿ 45 ಕೋಟಿ ಜನರ ಸಂತೆ ನಡೆಯುವಾಗ, ನಿಮ್ಮ ತೂಕದ ಕಲ್ಲು ಬೇರೆ ಇದ್ದರೆ ಕಷ್ಟ ನಿಮಗೇ. ನಿಯಮ ಬರೆಯುವ ಕೋಣೆಯಲ್ಲಿದ್ದ ಕುರ್ಚಿಯನ್ನು ಬಿಟ್ಟುಕೊಟ್ಟರು. ನಿಯಮ ಪಾಲಿಸುವುದನ್ನು ಮಾತ್ರ ಬಿಡಲಾಗಲಿಲ್ಲ.

ಅಪ್ಪನಿಗೆ ಈ ಪುರಾಣದಲ್ಲಿ ತಲುಪಿದ್ದು ಎರಡು ಸುದ್ದಿ. ಒಂದು, 2021ರ ಜನವರಿಯಲ್ಲಿ ಹಾಲೆಂಡ್ ಬಂದರಿನಲ್ಲಿ ಇಳಿದ ಬ್ರಿಟಿಷ್ ಲಾರಿ ಡ್ರೈವರುಗಳ ಊಟದ ಬುತ್ತಿಯಿಂದ ಮಾಂಸದ ಸ್ಯಾಂಡ್‌ವಿಚ್ ಕಿತ್ತುಕೊಂಡದ್ದು. ಹೊರಗಿನ ದೇಶದ ಮಾಂಸ, ಹಾಲಿನ ಪದಾರ್ಥ ಒಳಗೆ ತರುವಂತಿಲ್ಲ ಅನ್ನುವ ನಿಯಮ. "ಡ್ರೈವರ್ ಊಟ ಕಿತ್ಕೊಂಡ್ರಾ? ನಮ್ಮೋರು ಎಷ್ಟು ಕಾಯ್ಸಿದ್ರೂ ಹಂಗೆ ಮಾಡಿಲ್ಲ ಬಿಡು" ಅಂತ ಅಪ್ಪ ನಿಜಕ್ಕೂ ನೊಂದುಕೊಂಡರು. ಇನ್ನೊಂದು, ಅದೇ ವರ್ಷ ಸೆಪ್ಟೆಂಬರಲ್ಲಿ ಲಾರಿ ಡ್ರೈವರುಗಳಿಲ್ಲದೆ ಬ್ರಿಟನ್ನಿನ ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದ ಸಾಲು ನಿಂತದ್ದು. ಕೋವಿಡ್ಡಿನಿಂದ ಲೈಸೆನ್ಸ್ ಪರೀಕ್ಷೆ ನಿಂತದ್ದೂ ಕಾರಣ, ಪೂರ್ವ ಯುರೋಪಿನ ಡ್ರೈವರುಗಳು ಊರಿಗೆ ಹೋದವರು ವಾಪಸ್ ಬರಲಾಗದ್ದೂ ಕಾರಣ. ಸರಕು ಸಾಗಿಸುವವರಿಗೆ 5,000 ತಾತ್ಕಾಲಿಕ ವೀಸಾ ಕೊಡುತ್ತಾರಂತೆ ಅಂದೆ. ಅಪ್ಪ ಎರಡು ದಿನ ತಮ್ಮ ಹೆವಿ ಲೈಸೆನ್ಸ್ ಹುಡುಕಿದರು. ಅಮ್ಮ ಬಚ್ಚಿಟ್ಟಿದ್ದರು ಅಂತ ನನ್ನ ಅನುಮಾನ.

ಒಟ್ಟು ನಷ್ಟ ಎಷ್ಟು? ಬ್ರಿಟನ್ನಿನ ಬಜೆಟ್ ಮೇಲೆ ಕಣ್ಣಿಡುವ ಸ್ವತಂತ್ರ ಕಚೇರಿ ಒಂದಿದೆ, ಓಬಿಆರ್ ಅಂತ. ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ. 4ರಷ್ಟು ಕಡಿಮೆ ಇರುತ್ತದೆ ಅನ್ನುವುದು ಅವರ ಅಂದಾಜು. ಅದನ್ನು ತುಂಬಿಕೊಳ್ಳಲು ಮಾಡಿಕೊಂಡ ಹೊಸ ಒಪ್ಪಂದಗಳ ತೂಕ ನೋಡಿ. ಶಾಂತಸಾಗರದ ಸುತ್ತಲಿನ ದೇಶಗಳ ಕೂಟವಾದ ಸಿಪಿಟಿಪಿಪಿಯನ್ನು ಬ್ರಿಟನ್ 2024ರ ಡಿಸೆಂಬರಲ್ಲಿ ಸೇರಿತು. ಅದರಿಂದ ಆಗುವ ಲಾಭ ಸರ್ಕಾರದ್ದೇ ಲೆಕ್ಕದಲ್ಲಿ ದೇಶದ ಒಟ್ಟು ಉತ್ಪನ್ನದ ಶೇ. 0.1ಕ್ಕೂ ಕಡಿಮೆ. ಬಾಗಿಲ ಹೊರಗಿನ ಅಂಗಡಿ ಬಿಟ್ಟು ಊರಾಚೆಯ ಸಂತೆಗೆ ಹೋದ ಹಾಗೆ.

ಆದರೆ ಈ ಶೇ. 4 ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲೇ ನೋಡಿ: 2021ರಲ್ಲಿ ಕೋವಿಡ್ ಇತ್ತು, ಮಾರ್ಚಲ್ಲಿ ಸೂಯೆಜ್ ಕಾಲುವೆಗೆ ಹಡಗು ಅಡ್ಡ ಬಿದ್ದು ಆರು ದಿನ ದಾರಿ ಮುಚ್ಚಿತ್ತು, ಕಂಟೇನರ್ ಬಾಡಿಗೆ ಆಕಾಶಕ್ಕೇರಿತ್ತು. ನಮ್ಮ ಲಾಭ ಕಡಿಮೆಯಾದದ್ದರಲ್ಲಿ ಬ್ರೆಕ್ಸಿಟ್ಟಿನ ಪಾಲೆಷ್ಟು ಅಂತ ಸಾಹೇಬ್ರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಬಂದ ಆರ್ಡರಿಗೆ ಫೈಲು ಇರುತ್ತದೆ. ಬಾರದೇ ಹೋದ ಆರ್ಡರಿಗೆ ಫೈಲೇ ಇರುವುದಿಲ್ಲ. ಆ ಜರ್ಮನ್ ಡೀಲರು ನಮಗೆ ಬೇಡ ಅಂತ ಪತ್ರ ಬರೆಯಲಿಲ್ಲ, ಸುಮ್ನೆ ಬರೆಯುವುದು ನಿಲ್ಲಿಸಿದ. ಹೊರಹೋಗಿ ಅಂದ ರಾಜಕಾರಣಿಗಳಿಗೆ ಇದೇ ರಕ್ಷೆ. ದೊಡ್ಡ ಬಾಂಬ್ ಸ್ಫೋಟ ಆಗುತ್ತದೆ ಅಂತ ವಿರೋಧಿಗಳು ಹೆದರಿಸಿದ್ದರು, ಅದು ಆಗಲಿಲ್ಲ. ಆದದ್ದು ಟೈರಿನ ಸಣ್ಣ ತೂತು. ಗಾಡಿ ಓಡುತ್ತದೆ, ದಿನಾ ಗಾಳಿ ಹಾಕಿಸಬೇಕು.

2022ರ ಅಕ್ಟೋಬರಲ್ಲಿ, ದೀಪಾವಳಿ ಹೊತ್ತಿಗೆ, ಬೆಂಗಳೂರಿನ ಅಳಿಯ ರಿಷಿ ಸುನಕ್ ಅಲ್ಲಿ ಪ್ರಧಾನಿಯಾದರು. ಅದಕ್ಕೂ ಮುಂಚೆ ಲಿಜ್ ಟ್ರಸ್ ಏಳು ವಾರ ಇದ್ದು ಹೋಗಿದ್ದರು. ನಮ್ಮ ಆಫೀಸಲ್ಲಿ ಎಲ್ಲರಿಗೂ "ನಮ್ಮ ಅಳಿಯ" ಅಂತ ಸಂಭ್ರಮ. ಅಳಿಯಂದಿರು 2016ರಲ್ಲಿ ಹೊರಹೋಗುವ ಕಡೆ ಮತ ಹಾಕಿದವರು ಅಂತ ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಹಾಗೆ ನೋಡಿದರೆ ಐರ್ಲೆಂಡಿನ ಗಂಟನ್ನು ಸ್ವಲ್ಪ ಸಡಿಲ ಮಾಡಿದ್ದೂ ಅವರೇ. 2023ರ ಫೆಬ್ರವರಿಯ ವಿಂಡ್ಸರ್ ಒಪ್ಪಂದದಲ್ಲಿ, ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ಹಸಿರು ಲೇನು, ಮುಂದೆ ಹೋಗುವ ಸರಕಿಗೆ ಕೆಂಪು ಲೇನು ಅಂತ ಮಾಡಿದರು. ಮಾರನೇ ದಿನ ಅಲ್ಲಿಗೆ ಹೋಗಿ, ಬ್ರಿಟನ್ ಮಾರುಕಟ್ಟೆಯೂ ಯುರೋಪ್ ಮಾರುಕಟ್ಟೆಯೂ ಎರಡೂ ಸಿಗುವ ನಿಮ್ಮಂಥ ಅದೃಷ್ಟವಂತರು ಲೋಕದಲ್ಲೇ ಇಲ್ಲ ಅನ್ನುವ ಅರ್ಥದ ಮಾತಾಡಿದರು. ಸ್ವಾಮೀ, ಅದು ಮೊದಲು ಇಡೀ ಬ್ರಿಟನ್ನಿಗೇ ಇತ್ತಲ್ಲ!

ಜನ ಬರುವುದು ನಿಲ್ಲಲಿ ಅಂತ ಮತ ಹಾಕಿದವರ ಕಥೆಯೂ ಹೀಗೇ. ಪೋಲೆಂಡ್, ರೊಮೇನಿಯಾದವರು ಕಡಿಮೆಯಾದರು, ನಮ್ಮವರು ಜಾಸ್ತಿಯಾದರು. 2023ರ ಹೊತ್ತಿಗೆ ಒಂದೇ ವರ್ಷದಲ್ಲಿ, ಹೋದವರನ್ನು ಕಳೆದು ಬಂದವರ ಸಂಖ್ಯೆ 9 ಲಕ್ಷ ದಾಟಿತು, ಅಲ್ಲಿಯ ತನಕ ಕಾಣದ ಮಟ್ಟ. ಅದರಲ್ಲಿ ನಮ್ಮ ಚಿಕ್ಕಪ್ಪನ ಮಗಳೂ ಒಬ್ಬಳು. ಮಾಸ್ಟರ್ಸ್ ಓದಲು ಹೋದಳು, ಓದಿದ ಮೇಲೆ ಎರಡು ವರ್ಷ ಕೆಲಸ ಮಾಡುವ ವೀಸಾ ಸಿಗುತ್ತದೆ ಅಂತ. ಯುರೋಪಿನವರನ್ನು ಬೇಡ ಅಂದವರು ಆನೇಕಲ್ಲಿನವಳನ್ನು ಪಡೆದರು.

ಇಷ್ಟು ಬರೆದ ಮೇಲೆ, ಹಾಗಾದರೆ ಕೂಟ ಅಂದ ಕೂಡಲೇ ಸೇರಬೇಕಾ ಅಂತ ಯಾರಾದರೂ ಕೇಳಬಹುದು. ನಮ್ಮ ಮನೆಯಲ್ಲೇ ಅದರ ಜಗಳ ಆಗಿದೆ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆರ್‌ಸಿಇಪಿ ಅನ್ನುವ ಏಷ್ಯಾದ ದೊಡ್ಡ ಕೂಟ ಸೇರುವುದಿಲ್ಲ ಅಂದಿತು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು. ಚೀನಾದ ಅಗ್ಗದ ಸರಕಿನ ಭಯ ಒಂದು ಕಡೆ, ನ್ಯೂಜಿಲೆಂಡಿನ ಹಾಲಿನ ಪುಡಿಯ ಭಯ ಇನ್ನೊಂದು ಕಡೆ. ಅಮ್ಮ ಎರಡು ಹಸು ಇಟ್ಟುಕೊಂಡು ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುವವರು. ಆ ದಿನ ನನಗೆ ಎಕ್ಸ್‌ಪೋರ್ಟಿನವನಾಗಿ ಬೇಸರ, ಮಗನಾಗಿ ಸಮಾಧಾನ. "ನಿನ್ನ ಪಂಪು ಕುಡಿಯೋಕಾಗಲ್ಲ" ಅಂದರು ಅಮ್ಮ. ಆ ತೀರ್ಮಾನ ಸರಿಯೋ ತಪ್ಪೋ ಇವತ್ತಿಗೂ ವಾದ ಇದೆ. ಆದರೆ ಹೊಸ್ತಿಲಲ್ಲಿ ನಿಂತು ಒಳಗೆ ಬರುವುದಿಲ್ಲ ಅನ್ನುವುದು ಬೇರೆ, 47 ವರ್ಷ ಗೋಡೆಯೊಳಗೆ ಎಳೆದ ವೈರನ್ನೆಲ್ಲ ಕೀಳುವುದು ಬೇರೆ. ಆರ್‌ಸಿಇಪಿಯನ್ನು ನಂಬಿ ಯಾರೂ ಇಲ್ಲಿ ಗೋಡೌನು ಕಟ್ಟಿರಲಿಲ್ಲ. ಬ್ರಿಟನ್ನಿನಲ್ಲಿ ಕಟ್ಟಿದ್ದರು.

2025ರ ಜುಲೈ 24ರಂದು ಬ್ರಿಟನ್ ಜೊತೆ ನಮ್ಮ ದೇಶದ್ದೇ ವ್ಯಾಪಾರ ಒಪ್ಪಂದಕ್ಕೆ ಸಹಿಯಾಯಿತು. 2022ರ ದೀಪಾವಳಿಗೇ ಮುಗಿಸುತ್ತೇವೆ ಅಂತ ಜಾನ್ಸನ್ ಹೇಳಿ ಹೋಗಿದ್ದರು, ಮೂರು ಪ್ರಧಾನಿಗಳ ನಂತರ ಮುಗಿಯಿತು. ಬ್ರೆಕ್ಸಿಟ್ ಆಗದಿದ್ದರೆ ಬ್ರಿಟನ್ ಒಬ್ಬನೇ ಇಂಥದ್ದು ಮಾಡುವಂತೆಯೇ ಇರಲಿಲ್ಲ, ಆ ಮಟ್ಟಿಗೆ ಹೊರಬಂದವರ ವಾದಕ್ಕೆ ಒಂದು ಅಂಕ ಕೊಡಲೇಬೇಕು. ಅದರ ಪ್ರಕಾರ ಸ್ಕಾಚ್ ಮೇಲಿನ ನಮ್ಮ ಶೇ. 150 ಸುಂಕ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯುತ್ತದೆ. ನಮ್ಮ ಬಟ್ಟೆ, ಚಪ್ಪಲಿ, ಎಂಜಿನಿಯರಿಂಗ್ ಸಾಮಾನಿಗೆ ಅಲ್ಲಿ ಸುಂಕ ಹೋಗುತ್ತದೆ. ಸುಂಕವೇ ಇಲ್ಲದೆ ಕಳಿಸುತ್ತಿದ್ದ ಬಾಂಗ್ಲಾದೇಶದ ಎದುರು ಬೆಲೆಯಲ್ಲಿ ಸೋಲುತ್ತಿದ್ದ ನಮ್ಮ ಗಾರ್ಮೆಂಟ್ಸಿನವರಿಗೆ ಇದು ನಿಜವಾದ ಉಸಿರು.

ಅದಕ್ಕೂ ಎರಡು ತಿಂಗಳು ಮುಂಚೆ, ಮೇ 19ರಂದು, ಬ್ರಿಟನ್ನಿನ ಸ್ಟಾರ್ಮರ್ ಸರ್ಕಾರ ಯುರೋಪಿನ ಜೊತೆ ಇನ್ನೊಂದು ಕೈಕುಲುಕಿತ್ತು. ಆಹಾರ, ಮಾಂಸ, ಗಿಡಗಳ ಮೇಲಿನ ತಪಾಸಣೆ ಕಡಿಮೆ ಮಾಡೋಣ ಅಂತ ತಾತ್ವಿಕ ಒಪ್ಪಿಗೆ, ಬದಲಿಗೆ ಯುರೋಪಿನ ದೋಣಿಗಳಿಗೆ ಬ್ರಿಟನ್ನಿನ ನೀರಿನಲ್ಲಿ 2038ರ ತನಕ ಮೀನು ಹಿಡಿಯುವ ಅವಕಾಶ. ಕಿತ್ತ ವೈರುಗಳಲ್ಲಿ ಒಂದೆರಡನ್ನು ಮತ್ತೆ ಜೋಡಿಸುತ್ತಿದ್ದಾರೆ.

ಸಾಹೇಬ್ರು ಆ ಸುದ್ದಿಯನ್ನು ಮೊಬೈಲಲ್ಲಿ ಓದಿ ನನ್ನ ಟೇಬಲ್ ಹತ್ತಿರ ಬಂದರು. ಮುಖದಲ್ಲಿ ಬಹಳ ದಿನದ ಮೇಲೆ ಕಂಡ ಬೆಳಕು.

"ಏನಯ್ಯ, ಹಾಗಾದ್ರೆ ನಮ್ಮ ಎರಡು ಶಿಪ್‌ಮೆಂಟು ಮತ್ತೆ ಒಂದಾಗತ್ತಾ?"

"ಇಲ್ಲ ಸಾರ್" ಅಂದೆ. "ಅದು ಸಾಸೇಜಿಗೆ. ಪಂಪಿಗಲ್ಲ."